ಕ್ಯಾಮೆರಾ ಗಾಡಿ ಎಲ್ಲಿ ನಿಲ್ಲಬೇಕು

ಜೇವರ್ಗಿ ಕಾಲೋನಿಯ ನಮ್ಮ ಮನೆಯಿಂದ ಕಮಲಾಪುರಕ್ಕೆ ಹೊರಟರೆ ಕಲಬುರಗಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಿ ಹುಮನಾಬಾದ್ ರಸ್ತೆ ಹಿಡಿಯಬೇಕು. ಸಿಗ್ನಲ್ಲು, ಟಂಟಂ, ಅಡ್ಡ ಬರುವ ಬೈಕುಗಳ ನಡುವೆ ಅರ್ಧ ಗಂಟೆ ತೆವಳಿ, ಕಪನೂರಿನ ಕಾರ್ಖಾನೆಗಳು ಹಿಂದೆ ಸರಿದವೆಂದರೆ ಎರಡೂ ಬದಿಗೆ ಎರೆ ಹೊಲ, ಕಣ್ಣು ಹಾಯುವಷ್ಟು ದೂರ ತೊಗರಿ. ಕಾಲು ತಾನಾಗಿಯೇ ಆಕ್ಸಲರೇಟರ್ ಮೇಲೆ ಭಾರ ಬಿಡುತ್ತದೆ. ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಹಾಗೆ ಹೋಗುತ್ತಿದ್ದಾಗ ಎದುರಿನಿಂದ ಬಂದ ಲಾರಿಯವನು ಎರಡು ಸಲ ಲೈಟ್ ಹೊಡೆದ. ಅದರ ಅರ್ಥ ಈ ಭಾಗದಲ್ಲಿ ಗಾಡಿ ಹಿಡಿದವರಿಗೆಲ್ಲ ಗೊತ್ತು. ನನ್ನ ಕಾಲು ಮೇಲೆದ್ದಿತು, ಮುಂದಿನ ಕಾರಿನ ಬ್ರೇಕ್ ದೀಪ ಕೆಂಪಾಯಿತು. ನೇರ ರಸ್ತೆಯ ಬದಿಗೆ, ಬೇವಿನ ನೆರಳಲ್ಲಿ, ಸ್ಪೀಡ್ ಗನ್ ಇಟ್ಟುಕೊಂಡ ಗಾಡಿ ನಿಂತಿತ್ತು. ಎಲ್ಲರೂ ಸಭ್ಯರಂತೆ ಅದನ್ನು ದಾಟಿದೆವು. ಅರ್ಧ ಕಿಲೋಮೀಟರ್ ಆಗುವುದರೊಳಗೆ ಮೊದಲಿನ ವೇಗಕ್ಕೇ ಮರಳಿದೆವು. ಆಮೇಲೆ ಒಂದು ಹಳ್ಳಿ ಬಂತು. ಬಸ್ಸಿಳಿದ ಶಾಲೆ ಹುಡುಗಿಯರು ಚೀಲ ಹೊತ್ತು ರಸ್ತೆಯ ಅಂಚಿನಲ್ಲಿ ನಿಂತು, ದಾಟಲು ಸಂದಿಗಾಗಿ ಕಾಯುತ್ತಿದ್ದರು. ಅಲ್ಲಿ ಯಾವ ಕ್ಯಾಮೆರಾವೂ ಇರಲಿಲ್ಲ.

ಅಂದಿನಿಂದ ಇದು ನನ್ನ ತಲೆಯಲ್ಲಿ ಕೂತಿದೆ. ಹಳ್ಳಿಯ ರಸ್ತೆಗಳಿಗೆ ಕ್ಯಾಮೆರಾ ಗಾಡಿ ಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ನಾನು ಬೇಕು ಎನ್ನುವವರ ಪಕ್ಷ. ಆದರೆ ಅದನ್ನು ವೇಗ ಸುಲಭವಾಗಿ ಸಿಗುವ ಜಾಗದಲ್ಲಿ ನಿಲ್ಲಿಸುತ್ತೇವೋ, ವೇಗ ಜೀವ ತೆಗೆಯುವ ಜಾಗದಲ್ಲಿ ನಿಲ್ಲಿಸುತ್ತೇವೋ ಎಂಬುದರ ಮೇಲೆ ಅದರ ಸರಿ-ತಪ್ಪು ಪೂರ್ತಿ ನಿಂತಿದೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 68 ಮಂದಿ ಸತ್ತಿದ್ದು ಗ್ರಾಮೀಣ ಪ್ರದೇಶದಲ್ಲಿ. ಅದೇ ವರದಿ ನೂರಕ್ಕೆ 71 ಸಾವುಗಳಿಗೆ ಅತಿವೇಗ ಕಾರಣ ಎನ್ನುತ್ತದೆ. ಎರಡನ್ನೂ ಜೋಡಿಸಿದರೆ ಹಳ್ಳಿಯ ರಸ್ತೆಗೆ ಕ್ಯಾಮೆರಾ ತನ್ನಿ ಎಂಬ ತೀರ್ಮಾನ ತಾನಾಗಿಯೇ ಬಂದಂತೆ ಕಾಣುತ್ತದೆ. ಮೊದಲ ಅಂಕಿಯನ್ನು ನಾನು ನಂಬುತ್ತೇನೆ, ಹೆಣ ಎಣಿಸುವುದರಲ್ಲಿ ತಪ್ಪಾಗುವುದು ಕಡಿಮೆ. ಎರಡನೆಯದನ್ನು ಅಷ್ಟು ಸಲೀಸಾಗಿ ನಂಬಲಾರೆ. ಅಪಘಾತದ ಎಫ್‌ಐಆರ್ ಓದಿದವರಿಗೆ ‘ಅತಿವೇಗ ಮತ್ತು ಅಲಕ್ಷತನದಿಂದ ನಡೆಸಿ’ ಎಂಬ ಸಾಲು ಪರಿಚಿತ. ಯಾವ ಅಪಘಾತವಾದರೂ ಆ ಸಾಲು ಬರುತ್ತದೆ, ಏಕೆಂದರೆ ಅದಿಲ್ಲದೆ ಕಲಮು ಕೂರುವುದಿಲ್ಲ. ಗಾಡಿ ಎಷ್ಟು ವೇಗದಲ್ಲಿತ್ತೆಂದು ಅಲ್ಲಿ ಯಾರೂ ಅಳೆದಿರುವುದಿಲ್ಲ. ರಸ್ತೆಯಲ್ಲಿ ದೀಪವಿತ್ತೇ, ತಿರುವಿನ ಗುರುತಿತ್ತೇ, ಬದಿಯಲ್ಲಿ ಕೆಟ್ಟು ನಿಂತ ಲಾರಿಗೆ ಹಿಂದೀಪವಿತ್ತೇ ಎಂದು ಬರೆಯಲು ಆ ಸಾಲಿನಲ್ಲಿ ಜಾಗವಿಲ್ಲ. ದೆಹಲಿ ಐಐಟಿಯಲ್ಲಿ ದಶಕಗಳ ಕಾಲ ರಸ್ತೆ ಸುರಕ್ಷತೆಯ ಅಧ್ಯಯನ ನಡೆಸಿ 2021ರಲ್ಲಿ ತೀರಿಕೊಂಡ ದಿನೇಶ್ ಮೋಹನ್ ಇದನ್ನೇ ಹೇಳುತ್ತ ಬಂದಿದ್ದರು. ಚಾಲಕನ ಮೇಲೆ ತಪ್ಪು ಹೊರಿಸಿ ಕಡತ ಮುಚ್ಚಿದರೆ ರಸ್ತೆ ತನ್ನ ಪಾಡಿಗೆ ಹಾಗೇ ಉಳಿಯುತ್ತದೆ.

ನಮ್ಮ ಜಿಲ್ಲೆಯ ಇತ್ತೀಚಿನ ಮೂರು ದುರಂತಗಳನ್ನು ನೆನೆಯುತ್ತೇನೆ. 2022ರ ಜೂನ್ 3ರ ಬೆಳಿಗ್ಗೆ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಕಮಲಾಪುರದ ಹೊರವಲಯದಲ್ಲಿ ಸರಕು ವಾಹನಕ್ಕೆ ಡಿಕ್ಕಿಯಾಗಿ, ರಸ್ತೆಯಿಂದ ಕೆಳಗುರುಳಿ ಹೊತ್ತಿಕೊಂಡಿತು. ಕನಿಷ್ಠ ಏಳು ಜನ ಸುಟ್ಟು ಸತ್ತರು. ಪ್ರವಾಸ ಮುಗಿಸಿ ಮನೆಗೆ ಮರಳುತ್ತಿದ್ದ ಕುಟುಂಬದವರು ಅವರಲ್ಲಿದ್ದರು. 2025ರ ಏಪ್ರಿಲ್ 5ರ ನಸುಕಿನಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ವ್ಯಾನ್ ಗುದ್ದಿ ಐವರು ಹೋದರು. ಬಾಗಲಕೋಟೆ ಕಡೆಯಿಂದ ಖಾಜಾ ಬಂದೇನವಾಜ್ ದರ್ಗಾಕ್ಕೆ ಬರುತ್ತಿದ್ದವರು. ಅದೇ ವರ್ಷ ನವೆಂಬರ್‌ನಲ್ಲಿ ಅದೇ ತಾಲ್ಲೂಕಿನ ಗೌನಳ್ಳಿ ಬಳಿ ಹಿರಿಯ ಐಎಎಸ್ ಅಧಿಕಾರಿ ಮಹಾಂತೇಶ ಬೀಳಗಿ ಮತ್ತು ಅವರ ಸಂಬಂಧಿಗಳು ಕಾರು ಅಪಘಾತದಲ್ಲಿ ತೀರಿಕೊಂಡಾಗ ಇಡೀ ರಾಜ್ಯ ನಮ್ಮ ಜಿಲ್ಲೆಯ ರಸ್ತೆಗಳ ಹೆಸರು ಕೇಳಿತು. ಬೈಕಿನಲ್ಲಿ ಹೊಲದಿಂದ ಮನೆಗೆ ಹೊರಟು ಮುಟ್ಟದೆ ಹೋದವರ ಸುದ್ದಿ ಮಾತ್ರ ಸ್ಥಳೀಯ ಪುಟದ ಮೂಲೆಯಲ್ಲಿ ಎರಡು ಸಾಲಾಗಿ ಮುಗಿಯುತ್ತದೆ.

ಮೊದಲೆರಡು ದುರಂತಗಳ ಹೊತ್ತನ್ನು ಗಮನಿಸಿ: ಒಂದು ಬೆಳಗಿನ ಜಾವ ಕಳೆದ ಮೇಲೆ, ಇನ್ನೊಂದು ಕತ್ತಲು ಹರಿಯುವ ಮುನ್ನ. ಬೇವಿನ ನೆರಳಿನ ಗಾಡಿ ಆ ಹೊತ್ತಿನಲ್ಲಿ ರಸ್ತೆಗೆ ಬಂದೇ ಇರುವುದಿಲ್ಲ. ದೇಶದ ಲೆಕ್ಕದಲ್ಲಿ ಅತಿ ಹೆಚ್ಚು ಅಪಘಾತ ನಡೆಯುವುದು ಸಂಜೆ ಆರರಿಂದ ಒಂಬತ್ತರ ನಡುವೆ. ಹೊಲದ ಕೂಲಿಯವರು ಮರಳುವ, ಕಬ್ಬು-ತೊಗರಿ ಹೇರಿದ ಟ್ರ್ಯಾಕ್ಟರುಗಳು ಹಿಂದೀಪವಿಲ್ಲದೆ ರಸ್ತೆಗೆ ಹತ್ತುವ, ದೂರದೂರಿನ ಬಸ್ಸುಗಳು ಹೊರಡುವ ಹೊತ್ತು ಅದು. ನಮ್ಮ ರಸ್ತೆಯ ಅಪಾಯ ಬರೀ ವೇಗದಲ್ಲಿಲ್ಲ, ವೇಗಗಳ ನಡುವಿನ ಅಂತರದಲ್ಲಿದೆ. ಇಪ್ಪತ್ತರಲ್ಲಿ ಹೋಗುವ ಟ್ರ್ಯಾಕ್ಟರು, ಐವತ್ತರ ಬೈಕು, ನೂರರ ಕಾರು, ಇವುಗಳ ನಡುವೆ ನಡೆದು ಹೋಗುವ ಮನುಷ್ಯ, ಎಲ್ಲರಿಗೂ ಒಂದೇ ಡಾಂಬರು.

ಹಾಗೆಂದು ವೇಗವನ್ನು ಹಗುರವಾಗಿ ತೆಗೆದುಕೊಳ್ಳುವವನು ನಾನಲ್ಲ. ಎಫ್‌ಐಆರಿನ ಸಾಲು ಸವಕಲಾದರೂ ಭೌತಶಾಸ್ತ್ರ ಸವಕಲಾಗಿಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಎದುರಿಗೆ ಎಮ್ಮೆ ಬಂದಿದ್ದನ್ನು ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ, ಬ್ರೇಕ್ ತಾಗುವ ಮೊದಲೇ 33 ಮೀಟರ್ ಮುಗಿದಿರುತ್ತದೆ. ಅರವತ್ತರಿಂದ ಎಂಬತ್ತಕ್ಕೆ ಏರಿದರೆ ವೇಗ ಹೆಚ್ಚುವುದು ಮೂರನೇ ಒಂದು ಪಾಲು, ಗುದ್ದುವ ಶಕ್ತಿ ಹೆಚ್ಚುವುದು ಮುಕ್ಕಾಲು ಪಾಲಿಗೂ ಮಿಗಿಲು. ರಸ್ತೆಯ ಸರಾಸರಿ ವೇಗ ನೂರಕ್ಕೆ ಒಂದರಷ್ಟು ಹೆಚ್ಚಿದರೆ ಸಾವಿನ ಅಪಘಾತದ ಸಂಭವ ನೂರಕ್ಕೆ ನಾಲ್ಕರಷ್ಟು ಹೆಚ್ಚುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾರಣ ಏನೇ ಇರಲಿ, ಬಿದ್ದವನು ಆಸ್ಪತ್ರೆಗೆ ಹೋಗುತ್ತಾನೋ ಸ್ಮಶಾನಕ್ಕೋ ಎಂಬುದನ್ನು ಕಡೆಗೆ ವೇಗವೇ ತೀರ್ಮಾನಿಸುತ್ತದೆ. ಇಷ್ಟೆಲ್ಲ ಕೊಟ್ಟು ನಾವು ಗಳಿಸುವುದೇನು? ಕಲಬುರಗಿಯಿಂದ ಕಮಲಾಪುರಕ್ಕೆ ಸುಮಾರು 35 ಕಿ.ಮೀ. ಎಪ್ಪತ್ತರಲ್ಲಿ ಹೋದರೆ ಅರ್ಧ ಗಂಟೆ. ತೊಂಬತ್ತರಲ್ಲಿ ಹೋದರೆ ಇಪ್ಪತ್ಮೂರು ನಿಮಿಷ. ಉಳಿದ ಏಳು ನಿಮಿಷ ಒಂದು ಚಹಾಕ್ಕೂ ಸಾಲದು.

ಈ ಎಪ್ಪತ್ತು ಎಲ್ಲಿಂದ ಬಂತೆಂಬುದನ್ನು ಹೇಳಬೇಕು. ಕೇಂದ್ರ ಸರ್ಕಾರದ 2018ರ ಅಧಿಸೂಚನೆ ರಸ್ತೆಗಳನ್ನು ಎಕ್ಸ್‌ಪ್ರೆಸ್‌ವೇ, ನಡುವೆ ವಿಭಜಕವಿರುವ ಚತುಷ್ಪಥ, ನಗರದ ಮಿತಿಯ ರಸ್ತೆ, ‘ಇತರ ರಸ್ತೆ’ ಎಂದು ವಿಂಗಡಿಸಿ ಪರಮಾವಧಿ ವೇಗ ಗೊತ್ತುಮಾಡಿತು. ಹಳ್ಳಿಗಳ ನಡುವೆ ಹಾಯುವ ವಿಭಜಕವಿಲ್ಲದ ರಸ್ತೆಗಳೆಲ್ಲ ಈ ‘ಇತರ’ದಲ್ಲಿ ಬರುತ್ತವೆ: ಕಾರಿಗೆ 70, ಬೈಕಿಗೆ, ಬಸ್ಸಿಗೆ, ಲಾರಿಗೆ 60. ಜನವಸತಿಯಿಲ್ಲದ ಎರೆ ಹೊಲದ ನಡುವೆಯೂ ಎಪ್ಪತ್ತು, ಶಾಲೆ ಮತ್ತು ಹನುಮಂತ ದೇವರ ಗುಡಿಯ ಮುಂದೆಯೂ ಎಪ್ಪತ್ತು. ಬೇಕಾದ ಕಡೆ ಮಿತಿ ಇಳಿಸಿ ಫಲಕ ಹಾಕುವ ಅಧಿಕಾರ ರಾಜ್ಯಕ್ಕಿದೆ. ಆ ಕೆಲಸ ಮಾಡದೆ ಕ್ಯಾಮೆರಾ ತಂದರೆ, ಶಾಲೆಯ ಮುಂದೆ 68ರಲ್ಲಿ ಹಾದವನು ಕಾನೂನಿನ ಕಣ್ಣಲ್ಲಿ ಸಜ್ಜನನಾಗುತ್ತಾನೆ. ಬಟಾ ಬಯಲಿನಲ್ಲಿ 76ರಲ್ಲಿ ಹೋದವನು ಅಪರಾಧಿಯಾಗುತ್ತಾನೆ. ಜನ ಇದನ್ನು ಕಂಡೇ ಕ್ಯಾಮೆರಾ ಗಾಡಿಯನ್ನು ವಸೂಲಿ ಗಾಡಿ ಎನ್ನುತ್ತಾರೆ. ಅವರನ್ನು ದೂರುವ ಮನಸ್ಸು ನನಗಿಲ್ಲ.

ಕಾನೂನು ಇಷ್ಟೇ ಹೇಳಿ ಸುಮ್ಮನಾಗಿಲ್ಲ ಎಂಬುದು ಸಮಾಧಾನದ ಮಾತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 136ಎ ಕಲಮು ಸೇರಿತು. ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಲ್ಲಿ ಇಲೆಕ್ಟ್ರಾನಿಕ್ ಕಣ್ಗಾವಲು ರಾಜ್ಯಗಳ ಕರ್ತವ್ಯ ಎಂದಿತು. 2021ರ ಆಗಸ್ಟ್‌ನಲ್ಲಿ ಬಂದ 167ಎ ನಿಯಮ ಅದರ ವಿಧಾನ ಬರೆಯಿತು: ಉಪಕರಣಕ್ಕೆ ಪ್ರತಿವರ್ಷ ಪ್ರಮಾಣಪತ್ರ ಪಡೆಯಬೇಕು, ಕ್ಯಾಮೆರಾ ಇರುವ ಹಾದಿಗೆ ಮುಂಚೆಯೇ ಎಚ್ಚರಿಕೆ ಫಲಕ ಕಾಣುವಂತಿರಬೇಕು, ಹದಿನೈದು ದಿನದೊಳಗೆ ನೋಟಿಸ್ ತಲುಪಬೇಕು, ಹೆಚ್ಚು ಅಪಾಯದ ಹಾದಿಗಳಿಗೆ ಮೊದಲ ಆದ್ಯತೆ ಕೊಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಜಾರಿಗೆ ತನ್ನಿ ಎಂದು ರಾಜ್ಯಗಳಿಗೆ ಸೂಚಿಸಿತು.

ಫಲಕ ಹಾಕಿ ಹೇಳಿಯೇ ಹಿಡಿಯಬೇಕೆಂಬ ಮಾತು ಅನೇಕರಿಗೆ ಹಿಡಿಸುವುದಿಲ್ಲ. ಮುಂಚೆ ಹೇಳಿದರೆ ಯಾರು ಸಿಗುತ್ತಾರೆ ಎನ್ನುತ್ತಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಗುರುತಿಲ್ಲದ ಕ್ಯಾಮೆರಾ ಗಾಡಿಗಳು ಮೂವತ್ತು ವರ್ಷಕ್ಕೂ ಹಿಂದಿನಿಂದ ಓಡಾಡುತ್ತಿವೆ. ಎಲ್ಲಿ ಬೇಕಾದರೂ ಇರಬಹುದು ಎಂಬ ಭಯವೇ ಅಲ್ಲಿನ ಉಪಾಯ. ಆ ಭಯ ಹುಟ್ಟಬೇಕಾದರೆ ಗಾಡಿಗಳ ಸಂಖ್ಯೆ ದೊಡ್ಡದಿರಬೇಕು. ನಮ್ಮಂಥ ಕಡೆ ಬೆರಳೆಣಿಕೆಯ ಗಾಡಿಗಳನ್ನು ಬಚ್ಚಿಟ್ಟರೆ ಭಯ ಹುಟ್ಟುವುದಿಲ್ಲ. ಸಿಕ್ಕಿಬಿದ್ದವನು ತನ್ನ ಹಣೆಬರಹ ಹಳಿಯುತ್ತಾನೆ, ಉಳಿದವರು ಎದುರು ಬರುವವರಿಗೆ ಲೈಟ್ ಹೊಡೆಯುತ್ತಾರೆ. ಅದಕ್ಕಿಂತ ಹಳ್ಳಿಯ ಎರಡೂ ತುದಿಗೆ ದೊಡ್ಡ ಫಲಕ ಹಾಕಿ, ಮಿತಿಯನ್ನು ನಲವತ್ತಕ್ಕೆ ಇಳಿಸಿ, ಗಾಡಿಯನ್ನು ಎಲ್ಲರಿಗೂ ಕಾಣುವಂತೆ ನಿಲ್ಲಿಸಲಿ. ದಾಟುವಾಗ ವೇಗ ಇಳಿಸಿ ಆಮೇಲೆ ಏರಿಸಿದರೆ ಏರಿಸಿಕೊಳ್ಳಲಿ. ವೇಗ ಇಳಿಯಬೇಕಾಗಿದ್ದ ಅರ್ಧ ಕಿಲೋಮೀಟರ್ ಅದೇ ಆಗಿದ್ದರೆ ಕ್ಯಾಮೆರಾ ತನ್ನ ಕೆಲಸ ಮಾಡಿದಂತೆಯೇ. ಬೇವಿನ ನೆರಳಿನಲ್ಲಿ ನಿಂತಾಗ ಸೋಲಾಗಿ ಕಾಣುವ ಈ ಚಾಳಿ, ಶಾಲೆಯ ಮುಂದೆ ನಿಂತಾಗ ಗೆಲುವಾಗುತ್ತದೆ.

ಬೆಂಗಳೂರು-ಮೈಸೂರು ಹೆದ್ದಾರಿಯ ಉದಾಹರಣೆ ಈಗ ಎಲ್ಲರ ಬಾಯಲ್ಲಿದೆ. 2023ರಲ್ಲಿ ಅಲ್ಲಿ 188 ಜನ ಸತ್ತಿದ್ದರು, 2024ರಲ್ಲಿ ಆ ಸಂಖ್ಯೆ 50ಕ್ಕೆ ಇಳಿಯಿತು. ಸ್ಪೀಡ್ ಗನ್, ಕ್ಯಾಮೆರಾಗಳ ಪಾತ್ರ ಅದರಲ್ಲಿ ದೊಡ್ಡದೇ. ಆದರೆ 2023ರ ಆಗಸ್ಟ್ 1ರಿಂದ ಆ ರಸ್ತೆಯ ಮುಖ್ಯ ಪಥಕ್ಕೆ ಬೈಕು, ಆಟೊ, ಟ್ರ್ಯಾಕ್ಟರುಗಳು ಬರುವುದನ್ನೇ ನಿಲ್ಲಿಸಲಾಯಿತು ಎಂಬುದನ್ನು ಮರೆತು, ಅದೇ ಕ್ಯಾಮೆರಾ ತಂದು ಕಮಲಾಪುರದ ರಸ್ತೆಗೆ ನೆಟ್ಟರೆ ಅದೇ ಫಲ ಬರುತ್ತದೆ ಎನ್ನುವುದು ಸರಿಯಲ್ಲ. ಅಲ್ಲಿ ಬೈಕಿನವನಿಗೆ ಸರ್ವಿಸ್ ರಸ್ತೆಯಿದೆ. ಇಲ್ಲಿ ಬೈಕಿನವನನ್ನು ಎಲ್ಲಿಗೆ ಕಳಿಸುತ್ತೀರಿ, ಹೊಲಕ್ಕೆ? ವೇಗಗಳ ಅಂತರ ಅಲ್ಲಿ ಅಳಿಸಿಹೋಯಿತು. ಇಲ್ಲಿ ಅದನ್ನು ವೇಗದವನೇ ಇಳಿದು ಬಂದು ಕಡಿಮೆ ಮಾಡಬೇಕು. ಕ್ಯಾಮೆರಾದ ಅಗತ್ಯ ಹಾಗಾಗಿ ಇಲ್ಲಿ ಹೆಚ್ಚು, ಅದೊಂದರಿಂದಲೇ ಆಗುವ ಲಾಭ ಕಡಿಮೆ.

ಕಾಸರಗೋಡಿನ ನಮ್ಮವರು ದಿನವೂ ಕಾಣುವ ಕೇರಳದ ಏರ್ಪಾಡು ಇನ್ನೊಂದು ಬಗೆಯದು. 2023ರ ಜೂನ್ 5ರಿಂದ ಅಲ್ಲಿ 726 ಕ್ಯಾಮೆರಾಗಳು ದಂಡ ಬರೆಯತೊಡಗಿದವು. ಅವುಗಳಲ್ಲಿ ವೇಗ ಅಳೆಯುವವು ಎಂಟು ಮಾತ್ರ, ಉಳಿದವು ಬಹುತೇಕ ಹೆಲ್ಮೆಟ್ಟು, ಸೀಟ್‌ಬೆಲ್ಟು ನೋಡುವವು. ನನಗೆ ಅದರಲ್ಲೊಂದು ವಿವೇಕ ಕಾಣುತ್ತದೆ. ದೇಶದ ರಸ್ತೆ ಸಾವುಗಳಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರದವರೇ ಆಗಿರುವಾಗ ಅವರ ತಲೆ ಕಾಯುವುದು ಮೊದಲ ಕೆಲಸ.

ಕ್ಯಾಮೆರಾದ ಮೇಲೆ ಜನರ ನಂಬಿಕೆ ಕೆಟ್ಟರೆ ಏನಾಗುತ್ತದೆಂದು ಫ್ರಾನ್ಸ್ ತೋರಿಸಿತು. 2018ರ ಜುಲೈಯಲ್ಲಿ ಅಲ್ಲಿನ ಸರ್ಕಾರ ಹಳ್ಳಿಗಾಡಿನ ವಿಭಜಕವಿಲ್ಲದ ರಸ್ತೆಗಳ ಮಿತಿಯನ್ನು 90ರಿಂದ 80ಕ್ಕೆ ಇಳಿಸಿತು. ಜೀವ ಉಳಿಸುವ ಉದ್ದೇಶದ್ದೇ ಕ್ರಮ. ಆದರೆ ಪ್ಯಾರಿಸ್ಸಿನಲ್ಲಿ ಮೆಟ್ರೊ ಹತ್ತುವವರು ನಮ್ಮ ಹಳ್ಳಿಯ ರಸ್ತೆಗೆ ಮಿತಿ ಹಾಕಿದರೆಂಬ ಭಾವ ಹಳ್ಳಿಗರಲ್ಲಿ ಬೇರೂರಿತು. ಆ ಚಳಿಗಾಲದ ಹಳದಿ ಅಂಗಿ ಚಳವಳಿಯ ಹೊತ್ತಿಗೆ ದೇಶದ ಅರ್ಧಕ್ಕೂ ಹೆಚ್ಚು ವೇಗದ ಕ್ಯಾಮೆರಾಗಳು ಹಾಳಾಗಿದ್ದವು. ಬ್ರಿಟನ್ನಿನ ಪಾಠ ಹಣದ್ದು. ದಂಡದ ಹಣದಲ್ಲೇ ಕ್ಯಾಮೆರಾ ಯೋಜನೆ ನಡೆಸುವ ಪದ್ಧತಿ ಅಲ್ಲಿತ್ತು. ಇದು ದುಡ್ಡಿಗಾಗಿ ಎಂಬ ಗುಮಾನಿ ಬಲಿತು 2007ರಲ್ಲಿ ಅದನ್ನು ಕೈಬಿಟ್ಟರು.

ನಮ್ಮಲ್ಲೂ ಒಳ್ಳೆಯ ಮನಸ್ಸಿನವರು ಒಂದು ಸಲಹೆ ಕೊಡುತ್ತಾರೆ: ಹಳ್ಳಿಯ ಮುಂದೆ ಬಿದ್ದ ದಂಡವನ್ನು ಆ ಹಳ್ಳಿಯ ಬೀದಿದೀಪಕ್ಕೇ ಬಳಸಿ. ಕೇಳಲು ಚೆನ್ನಾಗಿದೆ, ನಾನೂ ಕೆಲಕಾಲ ಒಪ್ಪಿದ್ದೆ. ಯೋಚಿಸಿದರೆ ಭಯವಾಗುತ್ತದೆ. ದೀಪ ಉರಿಯಲು ವೇಗದವರು ಬೇಕೆಂದಾದರೆ, ವೇಗ ಕಡಿಮೆಯಾದ ವರ್ಷ ಹಳ್ಳಿಗೆ ಕತ್ತಲು. ದೀಪ, ದಾಟುವ ಪಟ್ಟಿ, ಬಸ್ ನಿಲ್ಲಲು ರಸ್ತೆಯಿಂದ ಒಳಗೆ ಸರಿದ ಜಾಗ ಇವೆಲ್ಲ ಹಳ್ಳಿಯ ಹಕ್ಕು. ದಂಡ ಬಂದರೂ ಬರದಿದ್ದರೂ ಮೊದಲೇ ಆಗಬೇಕಾದವು. ದಂಡ ಕಟ್ಟದೆ ಉಳಿದವರಿಗೆ ಅರ್ಧಕ್ಕೆ ಅರ್ಧ ರಿಯಾಯಿತಿ ಘೋಷಿಸುವ ಪದ್ಧತಿಯೂ ನನಗೆ ಒಪ್ಪಿಗೆಯಿಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಹಾಗೆ ಮಾಡಿದಾಗ ಕೆಲವೇ ದಿನಗಳಲ್ಲಿ ನೂರು ಕೋಟಿ ಮೀರಿ ಹಣ ಬಂತು. ಬಂದ ಹಣ ಸುದ್ದಿಯಾಯಿತು, ಇಳಿದ ವೇಗದ ಸುದ್ದಿ ಯಾರೂ ಕೇಳಲಿಲ್ಲ.

ದಂಡದ ಭಾರ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ಕರ್ನಾಟಕದಲ್ಲಿ ಅತಿವೇಗಕ್ಕೆ ಬೈಕಿನವನಿಗೂ ಕಾರಿನವನಿಗೂ 1,000 ರೂಪಾಯಿ. ಉದ್ಯೋಗ ಖಾತ್ರಿಯ ದಿನಗೂಲಿ 2025-26ರಲ್ಲಿ 370 ರೂಪಾಯಿ ಇತ್ತು. ಹಳೆಯ ಬೈಕಿನಲ್ಲಿ ಕೂಲಿಗೆ ಹೋಗುವವನಿಗೆ ಈ ದಂಡ ಹೆಚ್ಚುಕಡಿಮೆ ಮೂರು ದಿನದ ದುಡಿಮೆ. ಇಪ್ಪತ್ತು ಲಕ್ಷದ ಕಾರಿನವನಿಗೆ ಒಂದು ಊಟದ ಬಿಲ್ಲು. ಜೊತೆಗೆ ನಮ್ಮ ಕಡೆ ಗಾಡಿ ಕೈ ಬದಲಾದರೂ ಆರ್‌ಸಿ ಹೆಸರು ಬದಲಾಗುವುದು ತಡ. ಚಲನ್ ಹಳೆಯ ಮಾಲೀಕನ ಫೋನಿಗೆ ಹೋಗುತ್ತದೆ, ಗಾಡಿ ಓಡಿಸುವವನಿಗೆ ಸುದ್ದಿಯೇ ಇರುವುದಿಲ್ಲ. ಹಾಗಾಗಿ ಮೊದಲ ಸಲಕ್ಕೆ ಎಚ್ಚರಿಕೆ ಪತ್ರ ಕೊಡಲಿ. ಅಭ್ಯಾಸವಾಗಿ ಮೀರುವವನಿಗೆ, ಜನ ತುಂಬಿದ ಬಸ್ಸು, ಭಾರದ ಲಾರಿ ಓಡಿಸುವವನಿಗೆ ಸಲದಿಂದ ಸಲಕ್ಕೆ ಏರುವ ಶಿಕ್ಷೆ ಇರಲಿ, ಲೈಸೆನ್ಸಿನ ಮೇಲೂ ಬೀಳಲಿ.

ಇನ್ನೊಂದು ಮಾತಿಗೆ ಬರುತ್ತೇನೆ. ಇದನ್ನು ಹೇಳಲೆಂದೇ ಈ ಲೇಖನ ಬರೆಯಲು ಕೂತೆ. ವೇಗಕ್ಕೆ ಕಣ್ಗಾವಲು ತಂದ ಅದೇ 2019ರ ತಿದ್ದುಪಡಿಯಲ್ಲಿ 198ಎ ಎಂಬ ಕಲಮೂ ಇದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಸಂಬಂಧಿಸಿದ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಚಾಲಕನ ಕಲಮು ಹಳ್ಳಿ ಹಳ್ಳಿಗೆ ಮುಟ್ಟಿತು, ರಸ್ತೆ ಕಟ್ಟಿದವರ ಕಲಮು ಪುಸ್ತಕದಲ್ಲಿ ಉಳಿಯಿತು. ಕ್ಯಾಮೆರಾ ಇವೆರಡನ್ನೂ ಕೂಡಿಸಬಲ್ಲದು. ಒಂದು ಹಳ್ಳಿಯ ಮುಂದೆ ನಿಂತ ಗಾಡಿ ತಿಂಗಳಿಗೆ ಹತ್ತು ಜನರನ್ನು ಹಿಡಿದರೆ ಆ ಹತ್ತು ಜನ ತಪ್ಪಿತಸ್ಥರು. ಸಾವಿರ ಜನರನ್ನು ಹಿಡಿದರೆ? ಸಾವಿರ ಜನ ಏಕಕಾಲಕ್ಕೆ ಕೆಟ್ಟವರಾಗುವುದಿಲ್ಲ. ಆ ರಸ್ತೆಯೇ ಓಡು ಎನ್ನುತ್ತಿದೆ ಎಂದು ಅರ್ಥ. ಅಗಲ ಕಿರಿದಾಗಿಲ್ಲ, ಹಂಪ್ ಇಲ್ಲ, ಇದ್ದರೂ ಬಣ್ಣ ಬಳಿದಿಲ್ಲ, ಊರು ಬಂತೆಂದು ಚಾಲಕನ ಕಣ್ಣಿಗೆ ಹೇಳುವ ಒಂದು ಗುರುತೂ ಇಲ್ಲ. ಚಲನ್‌ಗಳ ಆ ಲೆಕ್ಕ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಯ ಮೇಜಿಗೆ ಪ್ರತಿ ತಿಂಗಳು ಬರಬೇಕು. ಹೆದ್ದಾರಿಯವರು, ಲೋಕೋಪಯೋಗಿಯವರು ಅದಕ್ಕೆ ಉತ್ತರ ಕೊಡಬೇಕು. ಪಂಚಾಯಿತಿಯ ಗೋಡೆಯ ಮೇಲೂ ಅದು ಅಂಟಬೇಕು. ಒಂದು ವರ್ಷದ ನಂತರ ಅಲ್ಲಿನ ವೇಗ ಇಳಿಯದಿದ್ದರೆ ಸೋತವನು ಚಾಲಕ ಒಬ್ಬನೇ ಅಲ್ಲ.

ಗಾಡಿ ನಿಲ್ಲುವ ಜಾಗವನ್ನು ಗೊತ್ತುಮಾಡುವವರು ಯಾರು? ಸರ್ಕಾರದ ಲೆಕ್ಕದಲ್ಲಿ ‘ಬ್ಲಾಕ್ ಸ್ಪಾಟ್’ ಎಂದರೆ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು. ಅಷ್ಟು ರಕ್ತ ಹರಿದ ಮೇಲೆ ಜಾಗಕ್ಕೆ ಹೆಸರು ಬರುತ್ತದೆ. ಮೂರು ಸಾವು ಕಂಡ ತಿರುವಿಗೆ, ದಿನಕ್ಕೆರಡು ಸಲ ಕೂದಲೆಳೆಯಲ್ಲಿ ಪಾರಾಗುವ ಕ್ರಾಸಿಗೆ ಯಾವ ಹೆಸರೂ ಇಲ್ಲ. ಅವುಗಳ ಪಟ್ಟಿ ಕಲ್ಯಾಣ ಕರ್ನಾಟಕ ಸಾರಿಗೆಯ ಡ್ರೈವರುಗಳ ತಲೆಯಲ್ಲಿದೆ, ಶಾಲೆಯ ಮೇಷ್ಟ್ರಿಗೆ ಗೊತ್ತು, ಆಶಾ ಕಾರ್ಯಕರ್ತೆಗೆ ಗೊತ್ತು. ಗ್ರಾಮಸಭೆಯಲ್ಲಿ ಒಂದು ಗಂಟೆ ಇದಕ್ಕೆ ಕೊಟ್ಟರೆ ಯಾವ ಯಂತ್ರವೂ ಕೊಡದ ನಕ್ಷೆ ಸಿಗುತ್ತದೆ.

ಕಮಲಾಪುರ ಎಂದರೆ ಕೆಂಪು ಬಾಳೆ. ರಸ್ತೆಯ ಬದಿಗೆ ಗೊನೆ ನೇತುಹಾಕಿಕೊಂಡು ಕೂತ ಒಬ್ಬ ಅಜ್ಜಿಯ ಹತ್ತಿರ ಅಂದು ಮರಳುವಾಗ ಡಜನ್ ಹಣ್ಣು ಕೊಂಡೆ. ಗಾಡಿಗಳು ಹಾದಾಗಲೆಲ್ಲ ಅವರ ತಲೆಯ ಮೇಲಿನ ತಾಡಪತ್ರಿ ಪಟಪಟ ಬಡಿದುಕೊಳ್ಳುತ್ತಿತ್ತು. ಇಲ್ಲಿ ಕ್ಯಾಮೆರಾ ಗಾಡಿ ನಿಲ್ಲಿಸಿದರೆ ಹೇಗಿರ್ತದ ಯವ್ವಾ ಎಂದೆ.

‘ಛಲೋನೇ ಅದ ಯಪ್ಪಾ. ಆದ್ರ ಹೊತ್ತ ಮುಣಗಿದ ಮ್ಯಾಲ ಇರ್ತದೇನು ಅದು?’

ನನ್ನಲ್ಲಿ ಉತ್ತರವಿರಲಿಲ್ಲ. ಎಲ್ಲಿ ನಿಲ್ಲಿಸಬೇಕು ಹೇಳು ಎಂದೆ. ಯೋಚಿಸಲು ಅವರಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಮುಂದಿನ ನೇರ ರಸ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ಬೆನ್ನ ಹಿಂದೆ, ಹೊಲದ ದಾರಿ ಬಂದು ರಸ್ತೆಗೆ ಸೇರುವ ಕಡೆ, ಜಾಲಿ ಕಂಟಿ ಬೆಳೆದು ಬರುವ ಗಾಡಿ ಕಾಣದಂತಾದ ತಿರುವಿನತ್ತ ಕೈ ಮಾಡಿ, ‘ಅಲ್ಲಿ’ ಎಂದರು. ‘ಮದ್ಲ ಆ ಕಂಟಿ ಕಡಸ್ರಿ.’